ನಮ್ಮ ಭಾವನ ವಾಗೀಶ್ವರಿ

ನಂಜನಗೂಡಿನಲ್ಲಿ ರಿಟೈರಾದ ಗಂಡಸರಿಗೆ ಕೆಲಸಕ್ಕೇನೂ ಬರವಿಲ್ಲ. ಬೆಳಿಗ್ಗೆ ಕಪಿಲೆಯ ದಂಡೆಯಲ್ಲೊಂದು ಸುತ್ತು, ಶ್ರೀಕಂಠೇಶ್ವರನ ದರ್ಶನ, ಬೈಟು ಕಾಫಿ, ಆಮೇಲೆ ಪೇಪರು, ಪೇಪರು ಮುಗಿದ ಮೇಲೆ ಸರ್ಕಾರದ ಮೇಲೆ ಸಿಟ್ಟು. ಇಷ್ಟು ಮಾಡಿಕೊಂಡು ತೊಂಬತ್ತು ದಾಟಿದವರಿದ್ದಾರೆ. ನಮ್ಮ ಭಾವನಿಗೆ ಇದು ಒಗ್ಗಲಿಲ್ಲ. ಅವರು ಒಂದು ಮಧ್ಯಾಹ್ನ ತಿರುಮಕೂಡಲು ನರಸೀಪುರಕ್ಕೆ ಹೋಗಿ ವಾಗೀಶ್ವರಿಯನ್ನು ಮನೆಗೆ ಕರಕೊಂಡು ಬಂದರು.

ಬೀದಿಯಲ್ಲಿ ಸುದ್ದಿಯಾಯಿತು. ಅಕ್ಕನಿಗೆ ಧೈರ್ಯ ಹೇಳಲು ಅಕ್ಕಪಕ್ಕದವರು ಬಂದರು. 'ವಯಸ್ಸೆಷ್ಟಿರಬಹುದಮ್ಮಾ?' ಎಂದು ಕೇಳಿದ್ದಕ್ಕೆ ಅಕ್ಕ, 'ಎಪ್ಪತ್ತರ ಹತ್ರ ಇರಬೇಕು. ಮೈಯೆಲ್ಲಾ ತೇಗ, ಹಿತ್ತಾಳೆ ಒಡವೆ. ಇವರು ದಿನಾ ಕರೀ ಬಟ್ಟೆ ಹೊದ್ದುಕೊಂಡು ಅದರ ಹಿಂದೆ ನಿಂತಿರ್ತಾರೆ' ಎಂದಳಂತೆ.

ವಾಗೀಶ್ವರಿ ಅಂದರೆ ಕ್ಯಾಮೆರಾ. ಕೇರಳದ ಆಲಪ್ಪುಳದಲ್ಲಿ ಕೆ. ಕರುಣಾಕರನ್ ಎಂಬವರು 1940ರ ದಶಕದಲ್ಲಿ ಮಾಡತೊಡಗಿದ ಫೀಲ್ಡ್ ಕ್ಯಾಮೆರಾ. ತೇಗದ ಚೌಕಟ್ಟು, ಹಿತ್ತಾಳೆಯ ಕೀಲು, ತಿರುಪು, ನಡುವೆ ಮಡಿಕೆ ಮಡಿಕೆಯಾಗಿ ಹಿಗ್ಗಿ ಕುಗ್ಗುವ ಕಪ್ಪು ತಿದಿ. ವಿಲಾಯತಿ ಕ್ಯಾಮೆರಾ ಕೊಳ್ಳಲಾಗದ ನಮ್ಮ ದೇಶದ ಎಷ್ಟೋ ಸ್ಟುಡಿಯೋಗಳು ದಶಕಗಳ ಕಾಲ ಇದರಿಂದಲೇ ಅನ್ನ ತಿಂದಿವೆ. ಹಳೇ ಮನೆಗಳ ಗೋಡೆಯ ಮೇಲೆ ತಾತ ಕುರ್ಚಿಯಲ್ಲಿ ಕೂತು, ಅಜ್ಜಿ ಪಕ್ಕದಲ್ಲಿ ನಿಂತು, ಇಬ್ಬರೂ ಉಸಿರು ಬಿಗಿಹಿಡಿದುಕೊಂಡಿರುವ ಪಟ ಇರುತ್ತದಲ್ಲ, ಅಂಥವು ಬಂದದ್ದು ಇಂಥ ಮರದ ಕ್ಯಾಮೆರಾಗಳ ಹೊಟ್ಟೆಯಿಂದ. ಶಟರ್ ಗಿಟರ್ ಏನೂ ಬೇಕಿರಲಿಲ್ಲ. ಲೆನ್ಸಿನ ಮುಚ್ಚಳ ತೆಗೆಯುವುದು, ಒಂದು ಎರಡು ಎಣಿಸುವುದು, ಮುಚ್ಚುವುದು. ತಾತ ಉಸಿರು ಬಿಡುವುದು ಆಮೇಲೆ.

ಭಾವ ತಂದ ವಾಗೀಶ್ವರಿಯ ಮುಂಭಾಗಕ್ಕೆ ದೃಷ್ಟಿ ತಾಗುವಂತಿತ್ತು. 8 ಇಂಚಿನ ಲೆನ್ಸು ಒರೆಸಿದರೆ ಹೊಳೆಯಿತು. ತಿದಿಯಲ್ಲಿ ಸೂಜಿ ತೂತುಗಳಿದ್ದವು, ಕರೀ ಬಟ್ಟೆ ಫೆವಿಕಾಲು ಹಾಕಿ ಮುಚ್ಚಿದ್ದಾಯಿತು. ಕಷ್ಟವೆಲ್ಲ ಹಿಂದುಗಡೆ. ಅದು ಅರ್ಧ ಪ್ಲೇಟಿನ ಕ್ಯಾಮೆರಾ, 4.75 ಇಂಚು ಅಗಲ, 6.5 ಇಂಚು ಉದ್ದದ ಗಾಜಿನ ಪ್ಲೇಟು ನುಂಗುವಂಥದ್ದು. ಪ್ಲೇಟು ಇಡುವ ಮರದ ಸ್ಲೈಡಿನ ಮೂಲೆಗಳನ್ನು ಹುಳ ತಿಂದಿತ್ತು. ತಿನ್ನದೇ ಬಿಟ್ಟಿದ್ದರೂ ಲಾಭವಿಲ್ಲ, ಆ ಅಳತೆಯ ಫಿಲ್ಮು ಯಾವ ಅಂಗಡಿಯಲ್ಲೂ ಇಲ್ಲ. ಇಂಗ್ಲೆಂಡಿನ ಇಲ್‌ಫರ್ಡ್ ಕಂಪನಿ ವರ್ಷಕ್ಕೊಂದು ಸಲ ಇಂಥ ವಿಚಿತ್ರ ಅಳತೆಗಳಿಗೆ ಆರ್ಡರು ತೆಗೆದುಕೊಳ್ಳುತ್ತದೆ. ಆರ್ಡರು ಕೊಟ್ಟು, ಕಸ್ಟಮ್ಸ್ ದಾಟಿ, ಪೋಸ್ಟ್‌ಮ್ಯಾನ್ ನಂಜನಗೂಡಿಗೆ ತರುವಷ್ಟರಲ್ಲಿ ಭಾವನ ತಾಳ್ಮೆ ಉಳಿಯಬೇಕಲ್ಲ!

ಈಗ ಸಲೀಸಾಗಿ ಸಿಗುವುದು 4×5 ಇಂಚಿನ ಹಾಳೆ ಫಿಲ್ಮು, 8×10ರದ್ದು, ಮತ್ತೆ 120 ರೋಲು. ಆ 120 ರೋಲನ್ನು ಕೊಡಾಕ್ ಕಂಪನಿ ಹೊರತಂದದ್ದು 1901ರಲ್ಲಿ. ಗಾಜಿನ ಪ್ಲೇಟು ಹೋಯಿತು, ಕೊಡಾಕ್ ದಿವಾಳಿಯೆದ್ದು ಮತ್ತೆ ಎದ್ದು ಕೂತಿತು, ಈ ರೋಲು ಮಾತ್ರ ಅಲ್ಲಾಡಿಲ್ಲ. ಸಿನಿಮಾ ಬಂದು ನಾಟಕ ಕಂಪನಿ ಮುಚ್ಚಿದ ಮೇಲೂ ಹಾರ್ಮೋನಿಯಂ ನುಡಿಸುತ್ತಲೇ ಕೂತ ಮೇಷ್ಟರುಗಳನ್ನು ಕಂಡ ನಮಗೆ ಇದರಲ್ಲಿ ಆಶ್ಚರ್ಯವೇನಿಲ್ಲ.

'ಹಾಗಾದ್ರೆ ಏನ್ ಮಾಡೋದು ಭಾವ?' ಎಂದೆ.

'ಮುಂದ್ಗಡೆ ಮುಟ್ಟಲ್ಲ ಕಣಯ್ಯಾ. ಹಿಂದ್ಗಡೆ ಬ್ಯಾಕು ಬದಲಾಯಿಸ್ತೀನಿ. ಬೆಳಿಗ್ಗೆ ಹಾಳೆ, ಮಧ್ಯಾಹ್ನ ರೋಲು, ಸಾಯಂಕಾಲ ಎಕ್ಸ್‌ರೇ.'

'ರಾತ್ರಿ?' ಎಂದಳು ಅಕ್ಕ ಒಳಗಿನಿಂದ.

ಈ ಸಂಗತಿ ಮೈಸೂರಿನ ಒಬ್ಬ ಸಂಗ್ರಹಕಾರರ ಕಿವಿಗೆ ಬಿದ್ದು ಅವರು ಫೋನಿನಲ್ಲೇ ಹೌಹಾರಿದರು. ಹಳೇ ಕ್ಯಾಮೆರಾಕ್ಕೆ ಹೊಸ ತಿರುಪು ಹಾಕುವುದು ಮಹಾಪಾಪವಂತೆ, ಇದ್ದ ಹಾಗೇ ಗಾಜಿನ ಬೀರುವಿನಲ್ಲಿ ಇಡಬೇಕಂತೆ. ಮೂಲರೂಪ ಅಂತ ಮೂರು ಸಲ ಹೇಳಿದರು. ನನಗೆ ಈ ಮಡಿವಂತಿಕೆಯ ಮೇಲೆ ಎಳ್ಳಷ್ಟೂ ಭಕ್ತಿಯಿಲ್ಲ. ಬೀರುವಿನಲ್ಲಿ ಕೂತ ಕ್ಯಾಮೆರಾ ಬೀರುವಿನ ಸಾಮಾನೇ ಹೊರತು ಕ್ಯಾಮೆರಾ ಅಲ್ಲ. ಇನ್ನೂ ಕೆಲವನ್ನು ರೆಸಾರ್ಟ್‌ಗಳಲ್ಲಿ, ಹೋಮ್‌ಸ್ಟೇಗಳಲ್ಲಿ ನೋಡಿದ್ದೇನೆ. ಹೊಟ್ಟೆಯೊಳಗೆ ಬಲ್ಬು ಸಿಕ್ಕಿಸಿ ಮೂಲೆಯಲ್ಲಿ ದೀಪ ಮಾಡಿ ನಿಲ್ಲಿಸಿರುತ್ತಾರೆ. ಜೀವಮಾನವೆಲ್ಲ ಬೆಳಕನ್ನು ಹೊರಗಿಡಲು ಹೆಣಗಿದ ಪೆಟ್ಟಿಗೆಗೆ ಮುಪ್ಪಿನಲ್ಲಿ ಎಂಥ ಶಿಕ್ಷೆ!

ಮೂಲರೂಪದ ಮಾತನ್ನೇ ತೆಗೆದುಕೊಳ್ಳಿ. ಗಾಜಿನ ಪ್ಲೇಟು ಹೋಗಿ ಹಾಳೆ ಫಿಲ್ಮು ಬಂದಾಗ ಹಳೇ ಸ್ಟುಡಿಯೋದವರು ಕ್ಯಾಮೆರಾ ಎಸೆದು ಅಳುತ್ತ ಕೂರಲಿಲ್ಲ. ಫಿಲ್ಮು ಪ್ಲೇಟಿಗಿಂತ ತೆಳು, ಸ್ಲೈಡಿನೊಳಗೆ ಕೂರುವುದಿಲ್ಲ. ಅದಕ್ಕೆ ತಗಡಿನ ತೆಳ್ಳನೆ ಕವಚ ಮಾಡಿ, ಅದರಲ್ಲಿ ಫಿಲ್ಮು ತೂರಿಸಿ, ಪ್ಲೇಟಿನ ಜಾಗದಲ್ಲಿ ಇಟ್ಟರು. ದೊಡ್ಡ ಪ್ಲೇಟಿಗೆ ಕಾಸಿಲ್ಲದ ಗಿರಾಕಿ ಬಂದರೆ ಸ್ಲೈಡಿನೊಳಗೆ ಮರದ ಕಿರುಚೌಕಟ್ಟು ಹಾಕಿ ಚಿಕ್ಕ ಪ್ಲೇಟಿನಲ್ಲಿ ಪಟ ಹೊಡೆದರು. ಕ್ಯಾಮೆರಾದ ಮುಂಭಾಗ ಕಾಲಕ್ಕೆ ಹೆದರುವುದಿಲ್ಲ, ಗಾಜು ಗಾಜೇ, ಬೆಳಕು ಬೆಳಕೇ. ಹಿಂಭಾಗ ಮಾತ್ರ ಆಯಾ ಕಾಲದ ಅಂಗಡಿಯಲ್ಲಿ ಏನು ಸಿಗುತ್ತದೋ ಅದಕ್ಕೆ ತಲೆಬಾಗಬೇಕು. ಹೀಗೆ ತಲೆಬಾಗಿಸಿದವರೇ ಆ ಕ್ಯಾಮೆರಾಗಳ ನಿಜವಾದ ಯಜಮಾನರು. ಸಂಗ್ರಹಕಾರರು ಬಂದದ್ದು ಹಬ್ಬ ಮುಗಿದ ಮೇಲೆ.

ಕೆಲಸಕ್ಕೆ ನರಸೀಪುರದ ಆಚಾರ್ರನ್ನೇ ಹಿಡಿಯಬೇಕು ಎಂದು ಭಾವ ಹಟ ಹಿಡಿದರು. ನಂಜನಗೂಡಿನಲ್ಲಿ ಆಚಾರ್ರಿಲ್ಲವೆ? ಇದ್ದಾರೆ. ಆದರೆ ನಂಜನಗೂಡಿನ ಕಪಿಲೆಯೇ ಹರಿದು ಹೋಗಿ ನರಸೀಪುರದಲ್ಲಿ ಕಾವೇರಿಯನ್ನು ಕೂಡಿಕೊಳ್ಳುವಾಗ ತಾನು ಹೋಗಿ ಒಬ್ಬ ಆಚಾರ್ರನ್ನು ಕೂಡಿಕೊಂಡರೆ ತಪ್ಪೇನು ಎಂಬ ಅವರ ವಾದಕ್ಕೆ ಉತ್ತರವಿರಲಿಲ್ಲ. ಗುಂಜಾ ನರಸಿಂಹಸ್ವಾಮಿಗೆ ಕೈಮುಗಿದು, ಕ್ಯಾಮೆರಾ ಹೆಗಲಿಗೇರಿಸಿ ಹೋದೆವು. ಆಚಾರ್ರು ಕನ್ನಡಕ ಹಣೆಗೇರಿಸಿ ವಾಗೀಶ್ವರಿಯನ್ನು ಸುತ್ತಲೂ ತಡವಿ ನೋಡಿದರು.

'ಇದೇನ್ ಸಾ, ದೇವ್ರು ಮಂಟಪನಾ?'

'ಕ್ಯಾಮ್ರಾ ಆಚಾರ್ರೇ.'

'ತೇಗ ಭಾಳ ಚೆನ್ನಾಗದೆ. ಕೊಡೋದಾದ್ರೆ ಹೇಳಿ, ಒಳ್ಳೇ ದೇವ್ರುಪೆಟ್ಗೆ ಆಯ್ತದೆ.'

ಭಾವ ಕ್ಯಾಮೆರಾವನ್ನು ಎದೆಗವಚಿಕೊಂಡು ವಿಷಯ ವಿವರಿಸಿದರು. ಹಳೇ ಹಿಂಬದಿ ಹಲಗೆ ಹಿತ್ತಾಳೆಯ ಚಿಲಕ ಸರಿಸಿದರೆ ಕಳಚಿಕೊಳ್ಳುತ್ತದೆ. ಅಡ್ಡ ಪಟ, ಉದ್ದ ಪಟ ಎರಡಕ್ಕೂ ತಿರುಗಿಸಿ ಹಾಕಲು ಮಾಡಿದ ಏರ್ಪಾಡು ಅದು. ಅದೇ ಹೊರಅಳತೆಗೆ ಇನ್ನೊಂದು ಹಲಗೆ ಮಾಡಿ, ನಡುವೆ 4×5 ಇಂಚಿನ ಕಿಂಡಿ ಕೊರೆದು, ಅದರ ಮೇಲೆ ಸ್ಪ್ರಿಂಗಿನಲ್ಲಿ ನಿಲ್ಲುವ ಉಜ್ಜುಗಾಜು ಕೂರಿಸಬೇಕು. ಗಾಜಿನ ಮೇಲೆ ಬಿಂಬ ನೋಡಿ ಫೋಕಸ್ ಮಾಡುವುದು, ಆಮೇಲೆ ಗಾಜಿನ ಚೌಕಟ್ಟನ್ನು ಸ್ವಲ್ಪ ಎತ್ತಿ ಕೆಳಗೆ ಫಿಲ್ಮ್ ಹೋಲ್ಡರು ತೂರಿಸುವುದು. ವಾಗೀಶ್ವರಿಯ ಮೈಗೆ ಒಂದು ತಿರುಪೂ ಹಾಕುವಂತಿಲ್ಲ. ಬೇಡವೆನಿಸಿದ ದಿನ ಹಳೇ ಹಲಗೆ ತಂದು ಸಿಕ್ಕಿಸಿದರೆ ಮೊದಲಿನಂತೇ ಆಗಬೇಕು.

ಎಲ್ಲಾ ಸರಿ, ಒಂದೇ ಒಂದು ಪೇಚು. ಗಾಜಿನ ಮೇಲೆ ಬಿಂಬ ಎಲ್ಲಿ ಮೂಡಿತೋ, ಹೋಲ್ಡರು ತೂರಿಸಿದ ಮೇಲೆ ಫಿಲ್ಮು ಕರಾರುವಾಕ್ಕಾಗಿ ಅಲ್ಲೇ ಬಂದು ಕೂರಬೇಕು. ಭಾವ ಜೇಬಿನಿಂದ ಚೀಟಿ ತೆಗೆದು ಓದಿದರು: 4×5 ಹೋಲ್ಡರಿನ ಆಳ 0.197 ಇಂಚು, ಅಂದರೆ 5 ಮಿ.ಮೀ. ಇಂಚಿನ ಸಾವಿರ ಪಾಲಿನಲ್ಲಿ ಏಳು ಪಾಲು ಆಚೀಚೆಯಾದರೆ ಕ್ಷಮೆಯುಂಟು. ಅಂದರೆ ಮಿ.ಮೀ.ನ ಐದನೇ ಒಂದು ಪಾಲೂ ಇಲ್ಲ.

ಆಚಾರ್ರು ತಲೆ ಕೆರೆದುಕೊಂಡರು. 'ಮಿಲ್ಲಿಮೀಟ್ರು ನನ್ಗಾಗಾಕಿಲ್ಲ ಸಾ. ನೂಲಲ್ಲೇಳಿ.'

ಮರಗೆಲಸದವರ ನೂಲೆಂದರೆ ಇಂಚಿನ ಎಂಟನೇ ಒಂದು ಪಾಲು. ಭಾವ ಲೆಕ್ಕ ಹಾಕುತ್ತಿದ್ದ ಹಾಗೇ ಆಚಾರ್ರು ಹೋಲ್ಡರಿನ ಫಿಲ್ಮು ಕೂರುವ ಜಾಗಕ್ಕೆ ಒಂದು ಬಿದಿರು ಸೀಳು ಇಳಿಸಿ, ಹೆಬ್ಬೆಟ್ಟಿನ ಉಗುರು ಒತ್ತಿ ಗುರುತು ಮಾಡಿ, ಪಟ್ಟಿಯ ಮೇಲಿಟ್ಟು, 'ಒಂದೂವರೆ ನೂಲು' ಎಂದರು. ಭಾವ ಒಪ್ಪಲಿಲ್ಲ. ಒಂದೂವರೆ ನೂಲೆಂದರೆ 0.1875 ಇಂಚು; ಚೀಟಿಯಲ್ಲಿರುವುದು 0.197. ಕ್ಷಮೆಯ ಗಡಿ ದಾಟಿಹೋಯಿತು! ಜಗಳ ಕಾಫಿಯವರೆಗೂ ನಡೆಯಿತು. ಕಾಫಿ ಕುಡಿಯುವಾಗ ಭಾವನಿಗೆ ಹೊಳೆಯಿತು, 0.197 ಅನ್ನುವುದು ಹೋಲ್ಡರಿನ ತಳದವರೆಗಿನ ಆಳ. ಆ ತಳದ ಮೇಲೆ ಫಿಲ್ಮು ಕೂರುತ್ತದೆ, ಫಿಲ್ಮಿಗೂ ದಪ್ಪ ಅಂತ ಒಂದಿದೆ, ಅದು 0.007 ಇಂಚು. ಕಳೆದರೆ 0.190. ಆಚಾರ್ರ ಒಂದೂವರೆ ನೂಲಿಗೂ ಅದಕ್ಕೂ ಇರುವ ಅಂತರ ಒಂದು ತಲೆಗೂದಲಿನಷ್ಟು. ಅಮೆರಿಕದವರು ಕಮಿಟಿ ಮಾಡಿ ಗೊತ್ತುಮಾಡಿದ ಅಳತೆಯನ್ನು ನಮ್ಮ ನರಸೀಪುರದ ಹೆಬ್ಬೆಟ್ಟು ಒಂದು ಗುಟುಕು ಕಾಫಿಗೆ ಮೊದಲೇ ಹೇಳಿತ್ತು.

'ಅದ್ನೇ ಅಲ್ವಾ ಸಾ ನಾ ಯೋಳಿದ್ದು' ಎಂದು ಆಚಾರ್ರು ಲೋಟ ಕೆಳಗಿಟ್ಟರು.

ಉಜ್ಜುಗಾಜು ಭಾವನೇ ಮಾಡಿದರು. ನಂಜನಗೂಡಿನಲ್ಲಿ ದೇವರ ಪಟಕ್ಕೆ ಕಟ್ಟು ಹಾಕುವ ಅಂಗಡಿಯಲ್ಲಿ ಎರಡು ಗಾಜು ಕತ್ತರಿಸಿಕೊಂಡು, ನಡುವೆ ಕಾರ್ಬೊರಂಡಮ್ ಪುಡಿ, ಒಂದು ಚಮಚ ನೀರು ಹಾಕಿ, ಒಂದರ ಮೇಲೊಂದು ಇಟ್ಟು ಸುತ್ತಿ ಸುತ್ತಿ ಉಜ್ಜಬೇಕು. ಗಾಜಿನ ಮೈ ಹಾಲುಬಣ್ಣಕ್ಕೆ ತಿರುಗುವವರೆಗೂ ಕರಕರ ಸದ್ದು. ಮಿಕ್ಕ ಪುಡಿಯನ್ನು ನಂಜನಗೂಡು ಹಲ್ಲುಪುಡಿಯ ಹಳೇ ಡಬ್ಬಿಯಲ್ಲಿ ತುಂಬಿ ಬಚ್ಚಲ ಗೂಡಿನಲ್ಲೇ ಇಟ್ಟರು. ಅಕ್ಕ ಅದನ್ನು ಕಂಡು ಹಿಡಿದದ್ದು ಯಾರೂ ಹಲ್ಲುಜ್ಜುವ ಮುಂಚೆ ಎಂಬುದೇ ಶ್ರೀಕಂಠೇಶ್ವರನ ದಯೆ. ಗಾಜು ಕೂರಿಸುವಾಗ ಒರಟು ಮೈ ಲೆನ್ಸಿನ ಕಡೆಗಿರಬೇಕು. ತಿರುಗುಮುರುಗಾದರೆ ಗಾಜಿನ ದಪ್ಪವಿದ್ದಷ್ಟೂ ಬಿಂಬ ಹಿಂದೆ ಸರಿದು, ಆಚಾರ್ರ ಹೆಬ್ಬೆಟ್ಟಿನ ಪುಣ್ಯವೆಲ್ಲ ಕಪಿಲೆಯಲ್ಲಿ ಹೋಮ. ಬೆಳಕು ನುಸುಳದ ಹಾಗೆ ಕಿಂಡಿಯ ಅಂಚಿಗೆ ಕರೀ ಮಖಮಲ್ಲು ಬೇಕಿತ್ತು. ಅಕ್ಕನ ಒಂದು ರವಿಕೆಯ ತೋಳು ಹೋಯಿತು. ಇನ್ನೊಂದು ತೋಳನ್ನೂ ಅವರೇ ತೆಗೆದುಕೊಳ್ಳಲಿ ಅಂತ ಅಕ್ಕ ಬಿಟ್ಟುಕೊಟ್ಟಳು.

ಎಲ್ಲವೂ ಕೂಡಿಬಂದ ದಿನ ಮೊದಲ ಪಟ ಸೋಮನಾಥಪುರದ್ದೇ ಆಗಲಿ ಎಂದರು ಭಾವ. ಆ ಊರು ಇರುವುದು ನರಸೀಪುರ ತಾಲ್ಲೂಕಿನಲ್ಲೇ. ಹೊಯ್ಸಳರ ದಂಡನಾಯಕ ಸೋಮನಾಥ 13ನೇ ಶತಮಾನದಲ್ಲಿ ಕಟ್ಟಿಸಿದ ಕೇಶವನ ಗುಡಿ; 2023ರಲ್ಲಿ ಬೇಲೂರು, ಹಳೇಬೀಡಿನ ಜೊತೆ ಯುನೆಸ್ಕೋ ಪಟ್ಟಿಗೆ ಸೇರಿತು. 1917ರಲ್ಲೇ ಮೈಸೂರು ಪುರಾತತ್ತ್ವ ಇಲಾಖೆಯ ಆರ್. ನರಸಿಂಹಾಚಾರ್ ಈ ಗುಡಿಯ ಮೇಲೊಂದು ಪುಸ್ತಕ ತಂದಿದ್ದರು, ಚಿತ್ರಗಳ ಸಮೇತ. ಆ ಕಾಲದವರು ಪ್ಲೇಟು ಹೊತ್ತು ತಂದ ಜಾಗಕ್ಕೆ ತಾನೂ ಹೋಗಬೇಕು ಎಂಬುದು ಭಾವನ ಆಸೆ. ಹೋದೆವು. ಕೇಂದ್ರ ಪುರಾತತ್ತ್ವ ಇಲಾಖೆಯ ಸ್ಮಾರಕಗಳಲ್ಲಿ ಕೈಯಲ್ಲಿ ಹಿಡಿದು ಎಷ್ಟು ಫೋಟೊ ಬೇಕಾದರೂ ತೆಗೆಯಬಹುದು. ಮೂರು ಕಾಲಿನ ಸ್ಟ್ಯಾಂಡ್ ಇಡಬೇಕಾದರೆ ಮುಂಚಿತವಾಗಿ ಅನುಮತಿ ಬೇಕು. ವಾಗೀಶ್ವರಿಯನ್ನು ಕೈಯಲ್ಲಿ ಹಿಡಿದು ಪಟ ತೆಗೆಯುವ ಗಂಡಸು ಇನ್ನೂ ಹುಟ್ಟಿಲ್ಲ. ಕಾವಲಿನವನು ಮರ್ಯಾದೆಯಿಂದಲೇ, 'ಮೊಬೈಲ್ ಇಲ್ವಾ ಸಾ?' ಎಂದು ಕೇಳಿದ. ಭಾವ ಆ ದಿನ ನರಸೀಪುರದ ಸಂಗಮಕ್ಕೆ ವಾಪಸು ಬರುವವರೆಗೂ ತುಟಿ ಬಿಚ್ಚಲಿಲ್ಲ.

ಸಂಗಮದ ಮೆಟ್ಟಿಲ ಮೇಲೆ ಸ್ಟ್ಯಾಂಡ್ ಊರಿ, ಕರೀ ಬಟ್ಟೆಯೊಳಗೆ ನನ್ನ ತಲೆಯನ್ನೂ ತೂರಿಸಿಕೊಂಡರು. ಒಳಗೆ ಬೆವರು, ವಿಭೂತಿ, ಹೊಸ ವಾರ್ನಿಷ್ಷು ಮೂರೂ ಬೆರೆತ ವಾಸನೆ. ಒಂದು ನಿಮಿಷ ಏನೂ ಕಾಣದು. ಆಮೇಲೆ ಗಾಜಿನ ಮೇಲೆ ನದಿ ಮೂಡಿತು, ತಲೆಕೆಳಗಾಗಿ. ಮೇಲೆ ನೀರು, ಕೆಳಗೆ ಆಕಾಶ, ತೆಪ್ಪ ಬಲಗಡೆಯಿಂದ ಎಡಗಡೆಗೆ ಹೋಗುತ್ತಿದ್ದರೆ ಗಾಜಿನಲ್ಲಿ ಎಡದಿಂದ ಬಲಕ್ಕೆ. ಅಂಚಿನಿಂದ ಅಂಚಿಗೆ ಬಿಂಬ ಚೂಪು. ಆಚಾರ್ರು ಪಕ್ಕದಲ್ಲೇ ನಿಂತು, 'ಸರಿಯಾಗ್ ಕಾಣ್ತದಾ?' ಎಂದು ಕೇಳುತ್ತಲೇ ಇದ್ದರು.

ಇಲ್ಲೊಂದು ಗುಟ್ಟಿದೆ, ಆಚಾರ್ರಿಗೆ ಹೇಳಬೇಡಿ. ಅಳತೆ ಒಂದು ಮಿ.ಮೀ. ತಪ್ಪಿದ್ದರೂ ಲೆನ್ಸಿನ ಕಿಂಡಿಯನ್ನು ಎಫ್ 32ಕ್ಕೆ ಚಿಕ್ಕದು ಮಾಡಿದರೆ ಆ ತಪ್ಪು ಪಟದಲ್ಲಿ ಕಾಣುವುದಿಲ್ಲ. ಎಫ್ 8ರಲ್ಲಿ ತೆಗೆದರೆ ಕಣ್ಣಿಗೆ ಹೊಡೆಯುತ್ತದೆ. ಕಿಂಡಿ ಕಿರಿದಾದಷ್ಟೂ ಫಿಲ್ಮಿನ ಬಳಿ ಕ್ಷಮೆ ಹೆಚ್ಚು.

ರೋಲಿನ ಬ್ಯಾಕಿನ ಕಥೆ ಬೇರೆ. ಯಾವುದೋ ಮುರಿದ ಕ್ಯಾಮೆರಾದ 6×9 ರೋಲ್ ಹೋಲ್ಡರನ್ನು ಭಾವ ಆನ್‌ಲೈನಿನಲ್ಲಿ ತರಿಸಿ, ನಂಜನಗೂಡಿನ ಕೈಗಾರಿಕಾ ಪ್ರದೇಶದ ಕಡೆಯ ಒಂದು ಲೇತ್ ಶಾಪಿನಲ್ಲಿ ಅಲ್ಯುಮಿನಿಯಂ ತಗಡು ಕೊರೆಸಿ ಅದೇ ಹಲಗೆಗೆ ಹೊಂದಿಸಿದರು. ಒಂದು ರೋಲಿಗೆ ಎಂಟು ಪಟ, ಖರ್ಚು ಕಡಿಮೆ. ಆದರೆ ಅರ್ಧ ಪ್ಲೇಟಿಗೆಂದು ಮಾಡಿದ ಲೆನ್ಸು ಅಷ್ಟಗಲ ಬೆಳಕು ಚೆಲ್ಲುತ್ತದೆ, ರೋಲು ಅದರ ಕಾಲುಪಾಲನ್ನಷ್ಟೇ ಹಿಡಿಯುತ್ತದೆ. ಉಳಿದದ್ದು ಕತ್ತಲ ಪಾಲು. ಶ್ರೀಕಂಠೇಶ್ವರನ ಗೋಪುರ ಸುಮಾರು 120 ಅಡಿ. ಅರ್ಧ ಪ್ಲೇಟಿನಲ್ಲಿ ಅದು ಪೂರ್ತಿ ಹಿಡಿಸಬೇಕಾದರೆ 45 ಮೀಟರ್ ದೂರ ನಿಂತರೆ ಸಾಕು. 4×5ರಲ್ಲಿ 60 ಮೀಟರ್. ರೋಲಿನಲ್ಲಿ ಹತ್ತಿರ ಹತ್ತಿರ 90. ಭಾವ ಕರೀ ಬಟ್ಟೆಯೊಳಗಿಂದಲೇ 'ಇನ್ನೂ ಹಿಂದಕ್ಕೆ, ಇನ್ನೂ ಹಿಂದಕ್ಕೆ' ಎನ್ನುತ್ತ, ನಾನು ಸ್ಟ್ಯಾಂಡ್ ಎಳೆಯುತ್ತ, ಹೂವು ಹಣ್ಣುಕಾಯಿ ಮಾರುವವರ ಬುಟ್ಟಿಗಳ ನಡುವೆ ಹೋಗಿ ನಿಂತಾಗ ಒಬ್ಬಾಕೆ, 'ಇನ್ನೊಂದ್ ಹೆಜ್ಜೆ ಇಟ್ರೆ ಮೈಸೂರ್‍ಗೋಯ್ತೀರ' ಎಂದಳು. ನನ್ನ ತೀರ್ಮಾನ ಕೇಳಿದರೆ, ದೊಡ್ಡ ಕ್ಯಾಮೆರಾಕ್ಕೆ ರೋಲ್ ಬ್ಯಾಕು ಹಾಕುವುದು ಜಿಪುಣರ ಸಮಾಧಾನ, ಅಷ್ಟೇ.

ಪೊಲರಾಯ್ಡ್ ಬ್ಯಾಕನ್ನೂ ತರಿಸಿದ್ದರು, ತೀರಾ ಅಗ್ಗಕ್ಕೆ. ಅಗ್ಗ ಯಾಕೆಂದರೆ ಅದಕ್ಕೆ ಹಾಕುವ ಫಿಲ್ಮನ್ನು ಪೊಲರಾಯ್ಡ್ ಕಂಪನಿ 2008ರಲ್ಲೇ ನಿಲ್ಲಿಸಿತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದವರ ಕಥೆ ಕೇಳಿದ್ದೇವೆ. ಕೂಸು ಬೆಳೆದು, ಮುದುಕಾಗಿ, ಕಾಲವಾದ ಮೇಲೆ ಕುಲಾವಿ ಕೊಂಡವರು ನಮ್ಮ ಭಾವ ಒಬ್ಬರೇ.

ಹಾಳೆ ಫಿಲ್ಮಿನ ಬೆಲೆ ಹೇಳಿದರೆ ಬೇಜಾರು. ಒಂದು ಹಾಳೆಯ ದುಡ್ಡಿಗೆ ಮನೆಮಂದಿಯೆಲ್ಲ ಮೈಸೂರಿಗೆ ಹೋಗಿ ಮಸಾಲೆ ದೋಸೆ ತಿಂದು ಬರಬಹುದು. ನಂಜನಗೂಡಿನ ಮೇಲೇ ಹಾದುಹೋಗುವ ಊಟಿ ರಸ್ತೆಯ ಆ ತುದಿಯಲ್ಲಿ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಎಂಬ ಸರ್ಕಾರಿ ಕಾರ್ಖಾನೆಯಿತ್ತು. 1960ರಲ್ಲಿ ಸ್ಥಾಪನೆಯಾಗಿ, 1967ರಿಂದ 'ಇಂದು' ಹೆಸರಿನ ಫಿಲ್ಮು, ಕಾಗದ, ಎಕ್ಸ್‌ರೇ ಹಾಳೆ ಮಾಡುತ್ತಿತ್ತು. ಅದೂ ಬಾಗಿಲು ಹಾಕಿತು. ಹಾಗಾಗಿ ಭಾವ ಹಿಡಿದ ದಾರಿ ಎಕ್ಸ್‌ರೇ ಫಿಲ್ಮು. 8×10ರ ಒಂದು ಹಾಳೆ ಕತ್ತರಿಸಿದರೆ 4×5ರ ನಾಲ್ಕು ತುಂಡು. ಕೆಂಪು ಬೆಳಕು ಅದಕ್ಕೆ ಕಾಣುವುದೇ ಇಲ್ಲ, ಹಾಗಾಗಿ ಬಚ್ಚಲಲ್ಲಿ ಕೆಂಪು ಜೀರೋ ಕ್ಯಾಂಡಲ್ ಬಲ್ಬು ಹಾಕಿಕೊಂಡು ನಿಶ್ಚಿಂತೆಯಿಂದ ಕತ್ತರಿಸಬಹುದು. ಎರಡೂ ಮುಖಕ್ಕೆ ಲೇಪವಿರುವುದರಿಂದ ತಟ್ಟೆಯಲ್ಲಿ ತೊಳೆಯುವಾಗ ಉಗುರು ತಾಗಿದರೂ ಗೀರು.

ಕೆಂಪು ಕಾಣದ್ದರ ಇನ್ನೊಂದು ಪರಿಣಾಮ ಅಕ್ಕನ ಪಟ ತೆಗೆದಾಗ ಗೊತ್ತಾಯಿತು. ಹಣೆಯ ಕುಂಕುಮ ಕಾಡಿಗೆಯಷ್ಟು ಕಪ್ಪು, ತುಟಿ ಕಪ್ಪು, ಮುಖ ನಾಲ್ಕು ಬಣ್ಣ ಕೆಳಗಿಳಿದಿತ್ತು. ಹಿಂದಿನ ಆಕಾಶ ಮಾತ್ರ ಬೆಳ್ಳಗೆ. ಅಕ್ಕ ಪಟ ನೋಡಿ, 'ಇದು ಯಾರೋ?' ಎಂದು ನನ್ನನ್ನೇ ಕೇಳಿದಳು. ಭಾವ ಮಧ್ಯೆ ಬಾಯಿ ಹಾಕಿ, 'ಫಿಲ್ಮಿನ ಸ್ವಭಾವ ಅದು, ನೀನು ಚೆನ್ನಾಗೇ ಇದೀಯ' ಎಂದರು. ಆ ರಾತ್ರಿ ಅವರಿಗೆ ಮೊಸರನ್ನ ಮಾತ್ರ.

ಕಡೆಗೆ ಭಾವನಿಗೆ ಹಿಡಿಸಿದ್ದು ಎಲ್ಲಕ್ಕಿಂತ ಅಗ್ಗದ ಉಪಾಯ, ಬ್ರೋಮೈಡ್ ಕಾಗದವನ್ನೇ ನೆಗೆಟಿವ್ ಮಾಡುವುದು. ಅದಕ್ಕೆ ಹೊಸ ಬ್ಯಾಕೂ ಬೇಡ. ಹುಳ ತಿಂದ ಹಳೇ ಸ್ಲೈಡಿಗೇ ಆಚಾರ್ರು ಮೂಲೆ ಕಟ್ಟಿಕೊಟ್ಟರು, ಕಾಗದವನ್ನು ಅರ್ಧ ಪ್ಲೇಟಿನ ಅಳತೆಗೆ ಕತ್ತರಿಸಿದರಾಯಿತು. ಕಾಗದ ಬಲು ನಿಧಾನ. ನೆತ್ತಿಯ ಮೇಲೆ ಬಿಸಿಲಿದ್ದರೂ ಎಫ್ 32ರಲ್ಲಿ ಸೆಕೆಂಡಿನ ಹತ್ತಿರ ಬೆಳಕು ಬೇಡುತ್ತದೆ. ಲೆನ್ಸಿನ ಮುಚ್ಚಳ ತೆಗೆದು ಮುಚ್ಚುವುದಕ್ಕೆ ಅಷ್ಟು ಹೊತ್ತೇ ಬೇಕಾದದ್ದು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಹಂಪಿಯನ್ನು ಹಿಡಿದದ್ದೂ ಕಾಗದದ ಮೇಲೇ, ಮೇಣ ಸವರಿದ ಸುಮಾರು 16×18 ಇಂಚಿನ ಹಾಳೆಗಳಲ್ಲಿ. 1983ರಲ್ಲಿ ಆಸ್ಟ್ರೇಲಿಯದ ಜಾನ್ ಗೋಲಿಂಗ್ಸ್ ಅದೇ ಜಾಗಗಳಲ್ಲಿ ನಿಂತು ಮತ್ತೆ ಪಟ ತೆಗೆದರು. ಇದನ್ನು ಕೇಳಿದಾಗಿನಿಂದ ಭಾವನ ಮಾತಿನ ಧಾಟಿಯೇ ಬದಲಾಗಿದೆ. ತಾನೂ ಗ್ರೀನ್‌ಲಾನೂ ಒಂದೇ ಗರಡಿಯವರು ಅನ್ನುವ ಹಾಗೆ ಮಾತಾಡುತ್ತಾರೆ.

ನಿಮ್ಮ ಅಟ್ಟದ ಮೇಲೂ ಇಂಥದ್ದೊಂದು ಇದ್ದರೆ ದಯವಿಟ್ಟು ರೆಸಾರ್ಟಿನವರಿಗೆ ಕೊಡಬೇಡಿ. ಇಳಿಸಿ, ಒರೆಸಿ, ಹಿಂಬದಿ ಹಲಗೆ ಕಳಚಿಕೊಳ್ಳುತ್ತದೆಯೇ ನೋಡಿ. ಕಳಚಿಕೊಂಡರೆ ಅರ್ಧ ಕೆಲಸ ಮುಗಿಯಿತು. ಹೊಸದೇನೇ ಮಾಡಿಸಿದರೂ ಬೇರೆ ಹಲಗೆಯ ಮೇಲೆ ಮಾಡಿಸಿ, ಹಳೆಯದನ್ನು ಬಟ್ಟೆಯಲ್ಲಿ ಸುತ್ತಿ ಜೋಪಾನವಾಗಿಡಿ. ಆಚಾರ್ರಿಗೆ ಅಳತೆಯನ್ನು ನೂಲಿನಲ್ಲಿ ಹೇಳಿ. ಅಡ್ವಾನ್ಸ್ ಮಾತ್ರ ಪೂರ್ತಿ ಕೊಡಬೇಡಿ. ನಮ್ಮ ಭಾವ ಕೊಟ್ಟರು, ರೋಲ್ ಬ್ಯಾಕಿನ ಎರಡನೇ ಹಲಗೆ ಇನ್ನೂ ನರಸೀಪುರದಲ್ಲೇ ಇದೆ.